ಸಂಪತ್ತು, ಸಾಲ ಮತ್ತು ಸಮಾಜವಾದ: ನನ್ನ ಬಾಲ್ಯ ಕಲಿಸಿದ ಪಾಠ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನನಗೆ ಕೊಟ್ಟ ವಿಷಯ ದೊಡ್ಡದು. ಸಂಪತ್ತು, ಸಾಲ, ಸಮಾಜವಾದ ಈ ಮೂರರ ಮೇಲೆ ಮಾತನಾಡಲು ಅರ್ಥಶಾಸ್ತ್ರದ ಪ್ರಾಧ್ಯಾಪಕರು ಬೇಕು. ನಾನು ಉರ್ದು ಮತ್ತು ಕನ್ನಡ ಕಲಿಸುವ ಸಾಮಾನ್ಯ ಶಿಕ್ಷಕಿ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿದವಳು. ಆದರೆ ಸಾಲದ ವಿಷಯದಲ್ಲಿ ನನಗೆ ಒಂದು ಅರ್ಹತೆ ಇದೆ ಎಂದುಕೊಂಡಿದ್ದೇನೆ. ಏಳನೆಯ ತರಗತಿಯಲ್ಲಿದ್ದಾಗಲೇ ನಮ್ಮ ಮನೆಯ ಸಾಲದ ಲೆಕ್ಕ ಬರೆದವಳು ನಾನು. ಆದ್ದರಿಂದ ಪುಸ್ತಕದಿಂದ ಆರಂಭಿಸದೆ ಆ ನೋಟ್‌ಬುಕ್ಕಿನಿಂದಲೇ ಆರಂಭಿಸುತ್ತೇನೆ.

ನಾನು ಹುಟ್ಟಿದ್ದು ಇಂಡಿಯಲ್ಲಿ. ಇಂಡಿ ಎಂದರೆ ನಿಂಬೆ. ಇಂದು ಅಲ್ಲಿ ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇದೆ. 2023ರಲ್ಲಿ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ನಾನು ಹೇಳುತ್ತಿರುವ ಕಾಲದಲ್ಲಿ ನಮಗೆ ನಿಂಬೆ ಎಂದರೆ ಅಬ್ಬಾ ಹೊತ್ತು ತರುತ್ತಿದ್ದ ಚೀಲ. ನಮಗೆ ತೋಟ ಇರಲಿಲ್ಲ. ಬೇರೆಯವರ ತೋಟದ ಕಾಯಿ ಕೊಂಡು ಸಂತೆಯಿಂದ ಸಂತೆಗೆ ಹೋಗಿ ಮಾರುವುದೇ ಅಬ್ಬಾನ ಕಸುಬು. ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು ಊರು. ನಿಂಬೆಗೆ ದರ ಬಂದರೆ ಮನೆಯಲ್ಲಿ ಮಟನ್, ದರ ಬಿದ್ದರೆ ರೊಟ್ಟಿಗೆ ಹಸಿಮೆಣಸಿನಕಾಯಿ ಚಟ್ನಿ. ಬಡತನವಿತ್ತು, ಆದರೆ ನಾವು ಬಡವರು ಎಂಬುದು ಮಕ್ಕಳಾದ ನಮಗೆ ತಿಳಿದಿರಲಿಲ್ಲ. ಅದನ್ನು ತಿಳಿಸಿದ್ದು ಸಾಲ.

2001ರಿಂದ ಮೂರು ವರ್ಷ ಸತತವಾಗಿ ರಾಜ್ಯದಲ್ಲಿ ಬರ ಬಿತ್ತು. ಹಿರಿಯರಿಗೆ ನೆನಪಿರಬಹುದು. ಬಾವಿ ಬತ್ತಿದವು, ಬೋರ್‌ವೆಲ್ ಬತ್ತಿದವು, ನಿಂಬೆಯ ಗಿಡಗಳು ನಿಂತಲ್ಲೇ ಒಣಗಿದವು. ತೋಟದವರಿಗೇ ಕಾಯಿ ಇಲ್ಲವೆಂದ ಮೇಲೆ ಕೊಂಡು ಮಾರುವವರಿಗೆ ಎಲ್ಲಿಯದು? ಅದೇ ಸಮಯದಲ್ಲಿ ದಾದಿಯ ಹೊಟ್ಟೆಯ ಆಪರೇಷನ್ ಬಂತು. ಅಬ್ಬಾ ನಮ್ಮ ಓಣಿಯ ಒಬ್ಬರ ಬಳಿ 8,000 ರೂಪಾಯಿ ಸಾಲ ತಂದರು. ಬಡ್ಡಿ ನೂರಕ್ಕೆ ತಿಂಗಳಿಗೆ ಐದು ರೂಪಾಯಿ. ಅಡವಿಗೆ ಅಮ್ಮಿಯ ಎರಡು ಬಂಗಾರದ ಬಳೆ.

ಅಬ್ಬಾನಿಗೆ ಓದು ಬರುತ್ತಿರಲಿಲ್ಲ. ‘ಬೇಟಿ, ಪ್ರತಿ ತಿಂಗಳು ಕೊಟ್ಟದ್ದನ್ನು ಬರೆದಿಡು’ ಎಂದರು. ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ತಾರೀಖು ಹಾಕಿ 400 ಎಂದು ಬರೆದೆ. ಮುಂದಿನ ತಿಂಗಳು ಮತ್ತೆ 400. ಅದೇ ನೋಟ್‌ಬುಕ್ಕಿನ ಮುಂದಿನ ಪುಟಗಳಲ್ಲಿ ಶಾಲೆಯ ಗಣಿತವಿತ್ತು. ಆ ವರ್ಷ ಸರಳ ಬಡ್ಡಿಯ ಪಾಠ ನಡೆಯುತ್ತಿತ್ತು. ಪುಸ್ತಕದ ಲೆಕ್ಕಗಳಲ್ಲಿ ಬಡ್ಡಿ ವರ್ಷಕ್ಕೆ ಶೇಕಡಾ 8, ಶೇಕಡಾ 10, ಹೆಚ್ಚೆಂದರೆ 12. ನಾನು ಮನೆಯ ಲೆಕ್ಕವನ್ನು ಅದೇ ಸೂತ್ರದಲ್ಲಿ ಹಾಕಿ ನೋಡಿದೆ. ಶೇಕಡಾ 60 ಬಂತು. ತಪ್ಪಾಗಿರಬೇಕೆಂದು ಮತ್ತೆ ಮಾಡಿದೆ. ಮತ್ತೆ 60. ಗುರುಗಳ ಹತ್ತಿರ ಹೋಗಿ, ‘ಸರ್, ಇಂಥ ಬಡ್ಡಿ ಇರ್ತದೇನ್ರಿ?’ ಎಂದು ಕೇಳಿದೆ. ಅವರು ನೋಟ್‌ಬುಕ್ ನೋಡಿದರು, ನನ್ನ ಮುಖ ನೋಡಿದರು. ‘ಲೆಕ್ಕ ಬರೋಬ್ಬರಿ ಐತಿ ತಂಗಿ’ ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿ ಕೊಟ್ಟರು.

ಓದುಗರೇ, ನನ್ನ ಅರ್ಥಶಾಸ್ತ್ರದ ಮೊದಲ ಪಾಠ ಅದು. ಲೆಕ್ಕ ಸರಿಯಾಗಿರುತ್ತದೆ, ಬದುಕು ತಪ್ಪಾಗಿರುತ್ತದೆ.

20 ತಿಂಗಳಿಗೆ ನಾವು ಕೊಟ್ಟ ಬಡ್ಡಿ 8,000 ರೂಪಾಯಿ ಆಯಿತು. ಅಂದರೆ ತಂದಷ್ಟನ್ನೂ ಕೊಟ್ಟಾಗಿತ್ತು. ಆದರೆ ನೋಟ್‌ಬುಕ್ಕಿನ ಮೇಲ್ಗಡೆ ಬರೆದ ಅಸಲು 8,000 ಹಾಗೆಯೇ ಕುಳಿತಿತ್ತು. ಆಗ ನನ್ನ ಅಣ್ಣ ಒಂಬತ್ತನೆಯ ತರಗತಿಯಲ್ಲಿದ್ದ. ಓದಿನಲ್ಲಿ ನನಗಿಂತ ಜಾಣ. ಒಂದು ದಿನ ಓಣಿಯ ಇಬ್ಬರ ಜೊತೆ ಗೋವಾದ ಬಸ್ಸು ಹತ್ತಿದ. ಯಾರೂ ಅವನನ್ನು ಹೋಗು ಎನ್ನಲಿಲ್ಲ, ಯಾರೂ ಹೋಗಬೇಡ ಎನ್ನಲೂ ಇಲ್ಲ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಹಣ ಕಳಿಸಿದ. 26 ತಿಂಗಳಿಗೆ ಸಾಲ ಹರಿಯಿತು. ಬಡ್ಡಿ 10,400, ಅಸಲು 8,000, ಒಟ್ಟು 18,400 ರೂಪಾಯಿ. ಬಳೆ ಮರಳಿ ಬಂದವು. ಅಣ್ಣ ಶಾಲೆಗೆ ಮರಳಿ ಬರಲಿಲ್ಲ.

ಇಂದು ನನ್ನ ಬಿ.ಎಡ್. ಪ್ರಮಾಣಪತ್ರದ ಮೇಲೆ ನನ್ನ ಹೆಸರು ಇದೆ. ಆದರೆ ಅದರ ಶುಲ್ಕ ಬಂದದ್ದು ಗೋವಾದಿಂದ. ಅಣ್ಣನ ಆ ಸಾಲವನ್ನು ನಾನು ಯಾವ ನೋಟ್‌ಬುಕ್ಕಿನಲ್ಲಿ ಬರೆದು, ಯಾವ ಕಂತಿನಲ್ಲಿ ತೀರಿಸಲಿ?

ಹೀಗೆ ಬೆಳೆದ ಹುಡುಗಿಗೆ ಶ್ರೀಮಂತರ ಮೇಲೆ ಸಿಟ್ಟು ಬರುವುದು ಸಹಜ. ಕಾಲೇಜಿನಲ್ಲಿ ಸಮಾಜವಾದ ಎಂಬ ಶಬ್ದ ಕೇಳಿದಾಗ ಅದು ನನ್ನದೇ ಮನೆಯ ಶಬ್ದ ಎನಿಸಿತು. ಉರ್ದು ಸಾಹಿತ್ಯ ಓದುತ್ತಾ ಹೋದಂತೆ ಅದಕ್ಕೆ ಬಲ ಬಂತು. 1936ರಲ್ಲಿ ಲಖನೌದಲ್ಲಿ ಪ್ರಗತಿಶೀಲ ಲೇಖಕರ ಸಂಘದ ಮೊದಲ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದವರು ಪ್ರೇಮಚಂದರು. ಅದರ ಹಿಂದೆ ದುಡಿದವರಲ್ಲಿ ಮುಖ್ಯರು ಸಜ್ಜಾದ್ ಜಹೀರ್. ಅದಕ್ಕೂ ಮೊದಲೇ ಮೌಲಾನಾ ಹಸ್ರತ್ ಮೊಹಾನಿಯವರಿದ್ದರು. ‘ಇಂಕ್ವಿಲಾಬ್ ಜಿಂದಾಬಾದ್’ ಎಂಬ ಘೋಷಣೆ ಅವರದೆಂದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು? 1921ರಲ್ಲಿ ಅಹಮದಾಬಾದ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯ ಬೇಕೆಂದು ಕೇಳಿದವರು ಅವರು. 1925ರಲ್ಲಿ ಕಾನಪುರದಲ್ಲಿ ನಡೆದ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರೂ ಅವರೇ. ನಮಾಜು ಬಿಡದ ಮೌಲಾನಾ, ಗಜಲ್ ಬರೆದ ಕವಿ, ಸಂವಿಧಾನ ಸಭೆಯ ಸದಸ್ಯ. ಧರ್ಮ ಬೇರೆ, ಬಡವರ ಪರ ನಿಲ್ಲುವುದು ಬೇರೆ ಎಂದು ಅವರಿಗೆ ಅನಿಸಲಿಲ್ಲ.

ಆದರೆ ಸಿಟ್ಟಿನಿಂದ ಹುಟ್ಟಿದ ವಿಚಾರ ಸಿಟ್ಟಿನಲ್ಲೇ ನಿಂತರೆ ಬೆಳೆಯುವುದಿಲ್ಲ. ನನ್ನ ಸಿಟ್ಟನ್ನು ತಿದ್ದಿದ ಮೂರು ನಾಲ್ಕು ಸಂಗತಿಗಳನ್ನು ಹೇಳುತ್ತೇನೆ.

ಮೊದಲನೆಯದು, ನಮಗೆ ಸಾಲ ಕೊಟ್ಟವರು ಶ್ರೀಮಂತರಾಗಿರಲಿಲ್ಲ. ದೊಡ್ಡವಳಾದ ಮೇಲೆ ತಿಳಿಯಿತು, ಅವರು ಒಂದು ಕಾಲಕ್ಕೆ ಹಮಾಲಿ ಮಾಡಿದವರು. ಬೇರೊಬ್ಬರಿಂದ ನೂರಕ್ಕೆ ಮೂರರಂತೆ ತಂದು ನಮಗೆ ಐದರಂತೆ ಕೊಡುತ್ತಿದ್ದರು. ಅವರ ಮೇಲೂ ಒಬ್ಬರಿದ್ದರು, ಅವರ ಮೇಲೆ ಇನ್ನೊಬ್ಬರು. ಬಡವನೇ ಬಡವನ ಕುತ್ತಿಗೆಯ ಮೇಲೆ ಕುಳಿತಿದ್ದ. ಹಾಗಾದರೆ ತಪ್ಪು ಯಾರದು? ಮನುಷ್ಯರಷ್ಟೇ ಅಲ್ಲ, ಏಣಿಯೇ ತಪ್ಪಾಗಿತ್ತು. ಬ್ಯಾಂಕಿನ ಬಾಗಿಲು ಅಬ್ಬಾನಂಥವರಿಗೆ ತೆರೆದಿರಲಿಲ್ಲ. 2006ರ ಸಾಚಾರ್ ಸಮಿತಿಯ ವರದಿಯಲ್ಲಿ ಕೆಲವು ಬ್ಯಾಂಕುಗಳು ಸಾಲ ಸುಲಭವಾಗಿ ಕೊಡದ ಪ್ರದೇಶಗಳನ್ನು ಗುರುತು ಹಾಕಿಕೊಂಡಿರುವ ವಿಷಯ ಬಂದಿದೆ. ಅದನ್ನು ಓದಿದಾಗ ನಮ್ಮ ಓಣಿ ನನ್ನ ಕಣ್ಣ ಮುಂದೆ ಬಂತು.

ಎರಡನೆಯದು, ನಮ್ಮ ಕಿರಾಣಿ ಅಂಗಡಿಯ ಸಾಹುಕಾರರು. ಅವರಿಗೆ ಮಾಳಿಗೆಯ ಮನೆಯಿತ್ತು, ಹೊಲವಿತ್ತು. ನಮ್ಮ ಉದ್ರಿ ಖಾತೆ ಅವರಲ್ಲಿತ್ತು. ಬರದ ಎರಡನೆಯ ವರ್ಷ ನಾನು ಚೀಲ ಹಿಡಿದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತಿದ್ದೆ. ಕೇಳಲು ಬಾಯಿ ಬರಲಿಲ್ಲ. ಅವರೇ ಕರೆದು, ‘ಜ್ವಾಳ ಒಯ್ಯವ್ವ, ಬರಕೊಳ್ಳೋದು ನನ್ನ ಕೆಲಸ, ಉಣ್ಣೋದು ನಿಮ್ಮ ಕೆಲಸ’ ಎಂದರು. ಉದ್ರಿಗೆ ಒಂದು ಪೈಸೆ ಬಡ್ಡಿ ಹಾಕಲಿಲ್ಲ. ಅಣ್ಣನ ಹಣ ಬಂದ ಮೇಲೆ ಅಬ್ಬಾ ಪೂರ್ತಿ ತೀರಿಸಿದರು. ಅವರು ಲಿಂಗಾಯತರು, ನಾವು ಮುಸಲ್ಮಾನರು. ಅವರು ಶ್ರೀಮಂತರು, ನಾವು ಬಡವರು. ಶ್ರೀಮಂತರೆಲ್ಲ ಶೋಷಕರು ಎಂಬ ನನ್ನ ಕಾಲೇಜಿನ ವಾಕ್ಯದೊಳಗೆ ಈ ಸಾಹುಕಾರರನ್ನು ಎಲ್ಲಿ ಕೂಡಿಸಬೇಕೆಂದು ನನಗೆ ಇಂದಿಗೂ ತಿಳಿಯಲಿಲ್ಲ.

ಮೂರನೆಯದು ಸಿಂದಗಿಯ ಪಾಠ. ಅಮ್ಮಿಯ ತವರು ಸಿಂದಗಿ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿ. ನಾನಿ 1972ರ ಬರದ ಕಥೆ ಹೇಳುತ್ತಿದ್ದರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದದ್ದು, ಹೊರದೇಶದ ಕೆಂಪು ಜೋಳ ತಿಂದದ್ದು. ಆಗಲೂ ನಾನಿಯ ಮನೆಯಲ್ಲಿ ಒಂದು ನಿಯಮವಿತ್ತಂತೆ. ನೆರೆಮನೆಯಿಂದ ಒಂದು ಸೇರು ಜೋಳ ಕೈಗಡ ತಂದರೆ ಮರಳಿ ಕೊಡುವಾಗ ಸೇರಿನ ಬಾಯಿ ಮೀರಿ ರಾಶಿ ಮಾಡಿ ಕೊಡಬೇಕು. ಯಾರೂ ಕೇಳುವಂತಿಲ್ಲ, ಆದರೆ ಕೊಡುವವರು ಕೊಡಬೇಕು. ಸಾಲ ಕೊಟ್ಟವನು ಹೆಚ್ಚಿಗೆ ಕೇಳುವುದು ನಮ್ಮ ಧರ್ಮದಲ್ಲಿ ಹರಾಮ್. ತೀರಿಸುವವನು ತಾನಾಗಿ ಸಂತೋಷದಿಂದ ಚೆನ್ನಾಗಿ ತೀರಿಸುವುದು ಪುಣ್ಯ. ಈ ಎರಡರ ನಡುವಿನ ವ್ಯತ್ಯಾಸವನ್ನು ನಾನಿ ಒಂದು ಸೇರಿನಲ್ಲಿ ತೋರಿಸಿದ್ದರು.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಯಾವ ವಿಷಯದ್ದು ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಅದು ಸಾಲದ ವಿಷಯದ್ದು. ಸೂರಾ ಬಕರಾದ 282ನೆಯ ಆಯತ್ ಸಾಲವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ತಿಳಿಸುತ್ತದೆ. ಅದಕ್ಕೆ ಎರಡು ಆಯತ್ ಮೊದಲು, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಅವನಿಗೆ ಸಮಯ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಬೋಧನೆ ಇದೆ. ಅಂದರೆ ಸಾಲಗಾರನಿಗೆ ಕಳ್ಳಾಟ ಆಡುವ ಅವಕಾಶವಿಲ್ಲ, ಸಾಲ ಕೊಟ್ಟವನಿಗೆ ಕುತ್ತಿಗೆ ಹಿಸುಕುವ ಅವಕಾಶವಿಲ್ಲ. ಪ್ರವಾದಿಯವರ ಸಂಗಾತಿಗಳಲ್ಲಿ ಹಜರತ್ ಅಬ್ದುರ್ರಹ್ಮಾನ್ ಬಿನ್ ಔಫ್‌ರಂಥ ದೊಡ್ಡ ವ್ಯಾಪಾರಿಯೂ ಇದ್ದರು, ಸಂಪತ್ತು ಕೂಡಿಡುವುದನ್ನು ಕಟುವಾಗಿ ವಿರೋಧಿಸಿದ ಹಜರತ್ ಅಬೂಜರ್ ಗಿಫಾರಿಯವರೂ ಇದ್ದರು. ಇಬ್ಬರನ್ನೂ ನಾವು ಗೌರವದಿಂದ ನೆನೆಯುತ್ತೇವೆ. ಗಳಿಸುವುದು ಪಾಪವಲ್ಲ. ಗಳಿಸಿದ್ದು ಹರಿಯದೆ ನಿಂತರೆ ಕೊಳೆಯುತ್ತದೆ.

ನಾಲ್ಕನೆಯದು ಮುದ್ದೇಬಿಹಾಳದ ಪಾಠ. ನನ್ನ ಮೊದಲ ನೌಕರಿ ಆ ತಾಲ್ಲೂಕಿನಲ್ಲಿ. ಕೃಷ್ಣೆಯ ಆಚೆ ದಡಕ್ಕೆ ಲಿಂಗಸುಗೂರು ತಾಲ್ಲೂಕು, ಅಲ್ಲಿ ಅಮರೇಶ್ವರ. ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಆ ಊರಿನವರು. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಹಾಕಿಸಿ ಬಂದರೆಂಬ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಅದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, ‘ಟೀಚರ್, ನಾಳೆ ಅಕ್ಕಿ ಸಿಗಲಿಲ್ಲಂದ್ರ ಏನ್ ಮಾಡ್ತಿದ್ರು?’ ಎಂದು ಕೇಳಿದ. ಅವನ ಪ್ರಶ್ನೆ ದೊಡ್ಡದು. ನಾಳೆಯ ಭರವಸೆ ಇದ್ದವನು ಮಾತ್ರ ಇಂದಿನ ಹೆಚ್ಚಿನದನ್ನು ಬಿಡಬಲ್ಲ. ದಾಸೋಹದ ಮನೆ ತೆರೆದಿರುವ ಊರಿನಲ್ಲಿ ಕೂಡಿಡುವ ಭಯ ಇರುವುದಿಲ್ಲ. ಬಸವಣ್ಣನವರು ಕಾಯಕದ ಜೊತೆ ದಾಸೋಹವನ್ನು ಏಕೆ ಇಟ್ಟರೆಂಬುದು ಆ ಹುಡುಗನ ಪ್ರಶ್ನೆಯಿಂದ ನನಗೆ ತಿಳಿಯಿತು.

ಈಗ ನಾನಿರುವುದು ಬಸವಣ್ಣನವರ ಜನ್ಮಸ್ಥಳ ಬಸವನ ಬಾಗೇವಾಡಿಯಲ್ಲಿ. ಹಳೆಯ ಬಾಗೇವಾಡಿ ತಾಲ್ಲೂಕಿನಲ್ಲೇ ಆಲಮಟ್ಟಿ ಇತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಅಣೆಕಟ್ಟನ್ನು 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದರು. ನಡುವಿನ 42 ವರ್ಷಗಳಲ್ಲಿ ಎಷ್ಟೋ ಊರುಗಳು ನೀರಿನಡಿಗೆ ಹೋದವು. ಹೊಲ ಮುಳುಗಿದವರಿಗೆ ಪರಿಹಾರದ ಹಣ ಬಂತು. ಹೊಲವಿದ್ದಾಗ ವರ್ಷಕ್ಕೊಮ್ಮೆ ರಾಶಿ ಬರುತ್ತಿತ್ತು, ಹಣ ಒಮ್ಮೆಲೇ ಬಂತು. ನನ್ನ ವಿದ್ಯಾರ್ಥಿಗಳ ಅಜ್ಜಂದಿರು ಹೇಳುತ್ತಾರೆ, ಮನೆ ಕಟ್ಟಿದೆವು, ಮದುವೆ ಮಾಡಿದೆವು, ಮೋಟರ್ ಸೈಕಲ್ ತಂದೆವು, ಹಣ ಎಲ್ಲಿ ಹೋಯಿತೋ ತಿಳಿಯಲಿಲ್ಲ ಎಂದು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅಣೆಕಟ್ಟಿನ ಎತ್ತರ ಹೆಚ್ಚಿದಾಗ ಮುಳುಗುವ ಜಮೀನಿಗೆ ಎಕರೆಗೆ ಒಣಭೂಮಿಯಾದರೆ 30 ಲಕ್ಷ, ನೀರಾವರಿಯಾದರೆ 40 ಲಕ್ಷ ರೂಪಾಯಿ ಕೊಡಲು ತೀರ್ಮಾನಿಸಿತು. ಹಣ ಕೈಗೆ ಬರುವ ಮನೆಗಳ ಮಕ್ಕಳೇ, ನಿಮಗೆ ನನ್ನ ಒಂದು ಮಾತು. ಹಣ ಮತ್ತು ಸಂಪತ್ತು ಒಂದೇ ಅಲ್ಲ. ಮರುವರ್ಷವೂ ಕೊಡುವುದು ಸಂಪತ್ತು. ಹೊಲ ಸಂಪತ್ತು, ಕಸುಬು ಸಂಪತ್ತು, ಓದು ಸಂಪತ್ತು. ಹೊಲ ಹೋದ ಮೇಲೆ ಉಳಿಯುವುದು ಕೊನೆಯ ಎರಡು.

ಹಾಗಾದರೆ ನಾನು ನಂಬುವ ಸಮಾಜವಾದ ಯಾವುದು? ಎಲ್ಲರಿಗೂ ಒಂದೇ ಸಂಬಳ, ಒಂದೇ ಅಳತೆಯ ಮನೆ ಎಂಬುದಲ್ಲ. ಸಾಹುಕಾರರ ಅಂಗಡಿ ಕಿತ್ತುಕೊಳ್ಳುವುದಂತೂ ಅಲ್ಲ. ಒಬ್ಬ ಮನುಷ್ಯನ ಕಾಯಿಲೆಯಿಂದ ಇನ್ನೊಂದು ಮಗುವಿನ ಶಾಲೆ ನಿಲ್ಲಬಾರದು, ಇಷ್ಟೇ ನನ್ನ ಸಮಾಜವಾದ. ದಾದಿಯ ಆಪರೇಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ, ಸಮಯಕ್ಕೆ ಸರಿಯಾಗಿ ಆಗಿದ್ದರೆ ಅಣ್ಣ ಇಂದು ನನಗಿಂತ ದೊಡ್ಡ ನೌಕರಿಯಲ್ಲಿ ಇರುತ್ತಿದ್ದ. ಸಂವಿಧಾನದ ಪ್ರಸ್ತಾವನೆಯಲ್ಲಿ ‘ಸಮಾಜವಾದಿ’ ಎಂಬ ಶಬ್ದ 1976ರಲ್ಲಿ 42ನೆಯ ತಿದ್ದುಪಡಿಯಿಂದ ಸೇರಿತು. ಅದನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ತಳ್ಳಿಹಾಕಿತು. ಆದರೆ ಶಬ್ದ ಪುಸ್ತಕದಲ್ಲಿ ಉಳಿದರೆ ಸಾಲದು, ಅದು ಓಣಿಗೆ ಬರಬೇಕು.

ಓಣಿಗೆ ಬಂದ ಉದಾಹರಣೆಗಳೂ ನಮ್ಮ ನಾಡಿನಲ್ಲಿ ಇವೆ. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯೇ ಅಲ್ಲಿಂದ ಮೊದಲಾಯಿತು ಎನ್ನುತ್ತಾರೆ. ದೇವರಾಜ ಅರಸರ ಕಾಲದಲ್ಲಿ 1974ರ ಭೂಸುಧಾರಣೆ ಉಳುವವನಿಗೆ ಹೊಲ ಕೊಟ್ಟಿತು. 1976ರ ಋಣ ಪರಿಹಾರ ಕಾಯ್ದೆ ಬಡವರ ಖಾಸಗಿ ಸಾಲಗಳಿಂದ ಬಿಡುಗಡೆ ಕೊಟ್ಟಿತು. ಆದರೂ ಅಬ್ಬಾನ ಕಾಲಕ್ಕೆ ಬಡ್ಡಿ ಮತ್ತೆ ಬಂತಲ್ಲ, ಏಕೆ? ಹಳೆಯ ಸಾಲ ಮನ್ನಾ ಮಾಡುವುದು ಕಾನೂನಿಗೆ ಸಾಧ್ಯ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬೇಕಾದ ಐದು ಸಾವಿರ ರೂಪಾಯಿಯನ್ನು ಕಾನೂನು ತಂದುಕೊಡಲಾರದು. ಅದನ್ನು ತಂದುಕೊಡುವ ಬೇರೆ ಬಾಗಿಲು ಇಲ್ಲದಿದ್ದರೆ ಜನ ಮತ್ತೆ ಅದೇ ಬಾಗಿಲಿಗೆ ಹೋಗುತ್ತಾರೆ.

ಇಂದು ಆ ಬಾಗಿಲಿನ ಹೆಸರು ಬದಲಾಗಿದೆ. ಮೈಕ್ರೋ ಫೈನಾನ್ಸ್ ಎನ್ನುತ್ತಾರೆ. ವಾರದ ಕಂತು, ಗುಂಪಿನ ಜಾಮೀನು. ಸರಿಯಾಗಿ ಬಳಸಿದವರಿಗೆ ಅದರಿಂದ ಹೊಲಿಗೆ ಯಂತ್ರ, ಎಮ್ಮೆ ಬಂದದ್ದನ್ನೂ ನೋಡಿದ್ದೇನೆ. ಆದರೆ ಒಂದರ ಕಂತು ಕಟ್ಟಲು ಇನ್ನೊಂದರ ಸಾಲ ತಂದ ಮನೆಗಳನ್ನೂ ನೋಡಿದ್ದೇನೆ. ವಸೂಲಿಯ ಕಿರುಕುಳ ಮಿತಿಮೀರಿದಾಗ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲದ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ತಾಯಂದಿರೇ, ಸಹಿ ಮಾಡುವ ಮೊದಲು ಈ ಒಂದು ಲೆಕ್ಕವನ್ನು ನಿಮ್ಮ ಮಗಳಿಂದ ಮಾಡಿಸಿರಿ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಉರ್ದು ಕೈಬರಹ ಮುತ್ತಿನಂತೆ, ಕನ್ನಡ ಪ್ರಬಂಧ ಬರೆದರೆ ನಾನು ಉಳಿದ ತರಗತಿಗಳಲ್ಲೂ ಓದಿ ತೋರಿಸುತ್ತಿದ್ದೆ. ಬುಧವಾರ ಮಾತ್ರ ತಡವಾಗಿ ಬರುತ್ತಿದ್ದಳು. ನಾನು ಗದರಿದೆ. ಒಂದು ದಿನ ತರಗತಿಯ ಹೊರಗೆ ನಿಲ್ಲಿಸಿದೆ. ದೀಪಾವಳಿ ರಜೆಯ ನಂತರ ಅವಳು ಬರಲೇ ಇಲ್ಲ. ಮನೆಗೆ ಹೋದೆ, ಬೀಗ. ನೆರೆಮನೆಯವರು ಹೇಳಿದರು, ಬುಧವಾರ ಕಂತಿನ ದಿನ, ತಾಯಿ ಕೆಲಸಕ್ಕೆ ಹೋದಾಗ ಗುಂಪಿನ ಸಭೆಗೆ ಮಗಳು ಹೋಗಿ ಕೂಡುತ್ತಿದ್ದಳು ಎಂದು. ಕಂತು ನಿಂತ ಮೇಲೆ ಮನೆಯವರೆಲ್ಲ ಕಬ್ಬು ಕಡಿಯುವ ಟೋಳಿಯ ಮುಂಗಡ ಹಿಡಿದು ಮಹಾರಾಷ್ಟ್ರಕ್ಕೆ ಹೋಗಿದ್ದರು. ಆ ತಿಂಗಳು ಅವರಿಗೆ ಕಡಿಮೆ ಬಿದ್ದ ಹಣ 2,300 ರೂಪಾಯಿ.

ಬಾಂಧವರೇ, ಆ ದಿನ ನನ್ನ ಪರ್ಸಿನಲ್ಲಿ ಅದಕ್ಕಿಂತ ಹೆಚ್ಚು ಹಣವಿತ್ತು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನೂರಕ್ಕೆ ಐದರ ಲೆಕ್ಕ ಬರೆದು ಬೆಳೆದ ನಾನೇ ಅವಳ ಬುಧವಾರವನ್ನು ಓದಲಾರದೆ ಹೋದೆ. ಸಂಬಳ ಬಂದ ಮೇಲೆ ಮನುಷ್ಯ ಎಷ್ಟು ಬೇಗ ಮರೆಯುತ್ತಾನೆ! ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ನೆರೆಮನೆಯ ಒಬ್ಬರಿಗೆ ನಾನು ಬಡ್ಡಿಯಿಲ್ಲದೆ 10,000 ರೂಪಾಯಿ ಕೊಟ್ಟಿದ್ದೆ. ತೀರಿಸುವುದು ತಡವಾದಾಗ ಅವರು ಉಟ್ಟ ಹೊಸ ಸೀರೆಯ ಮೇಲೆಯೇ ನನ್ನ ಕಣ್ಣು ಹೋಗುತ್ತಿತ್ತು. ಬಡ್ಡಿ ತೆಗೆದುಕೊಳ್ಳದಿದ್ದರೂ ಸಾಹುಕಾರಿಕೆ ನನ್ನ ಕಣ್ಣಿನಲ್ಲಿ ಬಂದು ಕುಳಿತಿತ್ತು. ಆದ್ದರಿಂದ ಶ್ರೀಮಂತರನ್ನು ಬೈಯುವ ಮೊದಲು ನಾನೀಗ ಕನ್ನಡಿ ನೋಡಿಕೊಳ್ಳುತ್ತೇನೆ.

ನಮ್ಮ ಸಮಾಜದ ಒಳಗಿನ ರೋಗಗಳನ್ನೂ ಮುಚ್ಚಿಡಬಾರದು. ಆಸ್ಪತ್ರೆಯ ಸಾಲ ಅನಿವಾರ್ಯ. ಆದರೆ ಮದುವೆಯ ಮಂಟಪಕ್ಕೆ, ಜಹೇಜಿಗೆ, ನೂರಾರು ಜನರ ಬಿರಿಯಾನಿಗೆ ಮಾಡುವ ಸಾಲ ಯಾರು ಹೇಳಿದ್ದು? ಸರಳ ನಿಕಾಹ್ ನಮ್ಮ ಧರ್ಮದ ಮಾತು, ಸಾಲದ ಮದುವೆ ನಮ್ಮ ಪ್ರತಿಷ್ಠೆಯ ಮಾತು. ಹಾಗೆಯೇ ದುರಾಸೆ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಮಗಳ ಮದುವೆಗೆಂದು ಇಟ್ಟವರು, ನಿವೃತ್ತಿಯ ಹಣ ಇಟ್ಟವರು ಎಲ್ಲರೂ ಇದ್ದರು. ಬಡ್ಡಿ ಎಂಬ ಹೆಸರು ಇಲ್ಲದ ಮಾತ್ರಕ್ಕೆ ಲಾಭ ಶುದ್ಧವಾಗುವುದಿಲ್ಲ. ಯಾವ ವ್ಯಾಪಾರದಿಂದ ಬಂತು, ಲೆಕ್ಕ ಎಲ್ಲಿ, ನಷ್ಟವಾದರೆ ಯಾರಿಗೆ ಎಂದು ಕೇಳದೆ ಹಣ ಇಡುವವನು ಧರ್ಮವನ್ನು ನಂಬಿದವನಲ್ಲ, ಆಸೆಯನ್ನು ನಂಬಿದವನು.

ಇಷ್ಟು ಹೇಳಿ ಚಪ್ಪಾಳೆ ಪಡೆದು ಹೋದರೆ ನನ್ನ ಮಾತಿಗೆ ಬೆಲೆಯಿಲ್ಲ. ಆದ್ದರಿಂದ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಒಂದು, ವಿದ್ಯಾರ್ಥಿಗಳ ತುರ್ತು ನಿಧಿ. ನಮ್ಮ 200 ಸದಸ್ಯರು ತಿಂಗಳಿಗೆ 50 ರೂಪಾಯಿ ಕೊಟ್ಟರೆ ತಿಂಗಳಿಗೆ 10,000, ವರ್ಷಕ್ಕೆ 1,20,000 ರೂಪಾಯಿ ಆಗುತ್ತದೆ. ನಮ್ಮ ಹೆಣ್ಣುಮಕ್ಕಳು ಓಣಿಯಲ್ಲಿ ಬೀಸಿ ನಡೆಸುವುದನ್ನು ನೋಡಿದ್ದೀರಿ. ಅವರ ಶಿಸ್ತು ನಮಗೆ ಇದ್ದರೆ ಸಾಕು. ಒಂದು ಮನೆಗೆ ಐದು ಸಾವಿರದವರೆಗೆ ಬಡ್ಡಿಯಿಲ್ಲದ ಕರ್ಜೆ ಹಸನಾ ಕೊಡೋಣ. ಶರತ್ತು ಒಂದೇ, ಮಗು ಶಾಲೆ ಬಿಡಬಾರದು. ಬರೆದು ಕೊಡೋಣ, ಸಾಕ್ಷಿ ಇಡೋಣ, ತೀರಿಸಲು ಆಗದವರಿಗೆ ಸಮಯ ಕೊಡೋಣ. ಹೆಸರನ್ನು ಮಾತ್ರ ಸಭೆಯಲ್ಲಿ ಓದುವುದು ಬೇಡ. ಜಾತಿ ಧರ್ಮ ನೋಡುವುದೂ ಬೇಡ. ಬರದ ವರ್ಷ ನಮಗೆ ಜೋಳ ಕೊಟ್ಟ ಸಾಹುಕಾರರು ನಮ್ಮ ಕಲಿಮಾ ಕೇಳಿರಲಿಲ್ಲ.

ಎರಡು, ಜಕಾತ್. ನಿಸಾಬ್ ಮುಟ್ಟಿದವರು ವರ್ಷಕ್ಕೆ ನೂರಕ್ಕೆ ಎರಡೂವರೆ ಕೊಡಬೇಕು. ರಮಜಾನಿನಲ್ಲಿ ಬಾಗಿಲಿಗೆ ಬಂದವರಿಗೆಲ್ಲ ಹತ್ತು ಇಪ್ಪತ್ತು ರೂಪಾಯಿ ಹಂಚಿದರೆ ಯಾರ ಬಡತನವೂ ಹೋಗುವುದಿಲ್ಲ. ಜಕಾತ್ ಪಡೆಯಬಹುದಾದವರ ಪಟ್ಟಿಯಲ್ಲಿ ಸಾಲದಲ್ಲಿ ಮುಳುಗಿದವರ ಹೆಸರೂ ಇದೆ ಎಂಬುದನ್ನು ನೆನಪಿಡೋಣ. ವರ್ಷಕ್ಕೆ ನಾಲ್ಕೇ ಕುಟುಂಬವಾದರೂ ಚಿಂತೆಯಿಲ್ಲ, ಅವರನ್ನು ಬಡ್ಡಿಯಿಂದ ಪೂರ್ತಿ ಬಿಡಿಸೋಣ.

ಮೂರು, ತಿಳಿವಳಿಕೆ. 1ರಿಂದ 8ನೆಯ ತರಗತಿಯವರೆಗಿನ ಅಲ್ಪಸಂಖ್ಯಾತ ಮಕ್ಕಳ ಪ್ರೀ ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. ಅಂದರೆ ಚಿಕ್ಕ ಮಕ್ಕಳ ಜವಾಬ್ದಾರಿ ನಮ್ಮ ಮೇಲೆ ಹೆಚ್ಚಿತು. ದೊಡ್ಡ ಮಕ್ಕಳಿಗೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶಿಕ್ಷಣ ಸಾಲದಂಥ ಯೋಜನೆಗಳಿವೆ. ಅರ್ಜಿ ತುಂಬಿಕೊಡಲು ಸಂಘದ ಕಚೇರಿಯಲ್ಲಿ ವಾರಕ್ಕೆ ಒಂದು ದಿನ ಒಬ್ಬರು ಕುಳಿತರೆ ಸಾಕು. ಭಾನುವಾರ ಆದರೆ ಆ ಕುರ್ಚಿಯಲ್ಲಿ ನಾನು ಕೂಡುತ್ತೇನೆ.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗೆ. ಮನೆಯಲ್ಲಿ ಸಾಲವಿದ್ದರೆ ನಾಚಬೇಡಿರಿ. ಸಾಲ ಅಪರಾಧವಲ್ಲ, ಅದನ್ನು ಮುಚ್ಚಿಡುವುದು ಅಪಾಯ. ನಿಮ್ಮ ಬುಧವಾರದ ಕಥೆಯನ್ನು ನಿಮ್ಮ ಗುರುಗಳಿಗೆ ಹೇಳಿರಿ. ದೊಡ್ಡವರಾಗಿ ಗಳಿಸಿರಿ, ಚೆನ್ನಾಗಿ ಗಳಿಸಿರಿ, ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಓದಿಗಾಗಿ ಯಾರು ಓದು ಬಿಟ್ಟರು ಎಂಬುದನ್ನು ಮರೆಯಬೇಡಿರಿ.

ಅಣ್ಣ ಈಗಲೂ ಗೋವಾದಲ್ಲಿದ್ದಾನೆ, ಮೇಸ್ತ್ರಿಯಾಗಿದ್ದಾನೆ. ಈ ಭಾಷಣ ಬರೆಯುವ ಮೊದಲು ಫೋನು ಮಾಡಿ, ‘ಭಾಯ್, ನಿನ್ನ ವಿಷಯ ಹೇಳಲೇನು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ನನ್ನ ಮಗಳು ಈಗ ಒಂಬತ್ತನೆಯದರಲ್ಲಿದ್ದಾಳೆ, ಅವಳ ಗಣಿತದ ಪುಸ್ತಕ ಕಳಿಸು, ಅದನ್ನು ಹೇಳು ಸಾಕು’ ಎಂದ. ಪುಸ್ತಕ ಕಳಿಸಿದ್ದೇನೆ. ನನ್ನ ಸಾಲದಲ್ಲಿ ಮೊದಲ ಕಂತು ಕಟ್ಟಿದಂತಾಯಿತು.